ಲ್ಯಾಬಿನಲ್ಲಿ ಗೊತ್ತಿಲ್ಲದ ಉತ್ತರವೂ ಸಿಗಲಿ

ನಾನು ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಬಿಇ ಓದುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಈಗ ಎಲ್ಲರ ಬಾಯಲ್ಲೂ ಎಐ ಮಾತು. ಚಿತ್ರ ಗುರುತಿಸುವ ಸಿಎನ್‌ಎನ್ ಪ್ರೋಗ್ರಾಂ ಅನ್ನು ಕೆಲವೇ ಸಾಲಿನ ಕೋಡ್‌ನಲ್ಲಿ ಬರೆದುಬಿಡುತ್ತೇವೆ. ಆದರೆ ಅದರ ಬೇರು ಇರುವುದು ಕಣ್ಣು, ಮಿದುಳಿನ ಪ್ರಯೋಗಗಳಲ್ಲಿ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅಮೆರಿಕದಲ್ಲಿ ಬೆಕ್ಕಿನ ಮಿದುಳಿಗೆ ಸೂಕ್ಷ್ಮ ಎಲೆಕ್ಟ್ರೋಡ್ ಇಳಿಸಿ, ಅಲ್ಲಿನ ನರಕೋಶಗಳು ನಿರ್ದಿಷ್ಟ ಓರೆಯ ಗೆರೆಗಳಿಗೆ ಮಿಡಿಯುವುದನ್ನು 1959ರಲ್ಲಿ ಪ್ರಕಟಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಇದರಿಂದಲೇ ಪ್ರೇರಣೆ ಪಡೆದು ಜಪಾನಿನ ಫುಕುಶಿಮಾ 1980ರಲ್ಲಿ ರೂಪಿಸಿದ ನಿಯೋಕಾಗ್ನಿಟ್ರಾನ್, ಇಂದಿನ ಸಿಎನ್‌ಎನ್‌ಗಳ ಪೂರ್ವಜ.

ಇಂಥ ಪ್ರಯೋಗ ವೈದ್ಯರಿಗೆ, ಜೀವಶಾಸ್ತ್ರದವರಿಗೆ ಮಾತ್ರ ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ವಿಇಪಿ ಪರೀಕ್ಷೆಯನ್ನೇ ನೋಡಿ. ತಲೆಯ ಹಿಂಭಾಗಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಎದುರಿನ ಪರದೆಯಲ್ಲಿ ಕಪ್ಪು–ಬಿಳಿ ಚೌಕಗಳನ್ನು ಅದಲುಬದಲು ಮಾಡುತ್ತಾರೆ. ಸುಮಾರು 100 ಮಿಲಿಸೆಕೆಂಡಿಗೆ ಮಿದುಳಿನ ಅಲೆಯೊಂದು ಕಾಣಿಸುತ್ತದೆ. ಅದು ತಡವಾದರೆ ದೃಷ್ಟಿನರದಲ್ಲಿ ತೊಂದರೆಯಿರಬಹುದು. ಮಾತು ಬಾರದ ಕೂಸಿನ ದೃಷ್ಟಿಯನ್ನೂ ಹೀಗೆ ಪರೀಕ್ಷಿಸಬಹುದು.

ಆ ಅಲೆ ಕೆಲವೇ ಮೈಕ್ರೋವೋಲ್ಟ್‌ನಷ್ಟು. ಕರೆಂಟಿನ 50 ಹರ್ಟ್ಸ್ ಗದ್ದಲ, ಕಣ್ಣು ಮಿಟುಕಿಸುವುದು ಎಲ್ಲವೂ ಅದನ್ನು ಮುಚ್ಚಿಹಾಕುತ್ತವೆ. 100 ಸಲ ದಾಖಲಿಸಿ ಸರಾಸರಿ ತೆಗೆದರೆ ಅಡ್ಡಾದಿಡ್ಡಿ ಗದ್ದಲ ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಆಂಪ್ಲಿಫೈಯರ್, ಫಿಲ್ಟರ್, ಸರಾಸರಿ: ಇವೆಲ್ಲ ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಪಾಠಗಳೇ ಅಲ್ಲವೇ?

ನಮ್ಮ ಲ್ಯಾಬ್‌ಗಳಲ್ಲಿ ಗ್ರಾಫ್ ಹೇಗೆ ಬರಬೇಕೆಂಬುದು ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಅಳೆಯುವುದನ್ನೇ ನಾವು ಕಲಿಯುತ್ತಿಲ್ಲ. ಪ್ರತಿ ಎಂಜಿನಿಯರಿಂಗ್ ಕಾಲೇಜು ಹತ್ತಿರದ ವೈದ್ಯಕೀಯ ಕಾಲೇಜಿನ ಜೊತೆಗೂಡಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಸುರಕ್ಷತೆಗೆ ಪ್ರಮಾಣಿತ ಉಪಕರಣವನ್ನೇ ಬಳಸಿ ಇಂಥ ಒಂದು ಪ್ರಾಜೆಕ್ಟ್ ಆದರೂ ಮಾಡಿಸಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಪೈಥಾನ್ ಬಲ್ಲವರಿಗೆ ಸೈಕೋಪೈ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಗೆರೆಗಳನ್ನು ಮಸುಕು ಮಾಡುತ್ತಾ ಹೋಗಿ, ನಿಮ್ಮ ಸ್ನೇಹಿತರು ಎಲ್ಲಿಯವರೆಗೆ ಗುರುತಿಸಬಲ್ಲರು ಎಂದು ಅವರ ಒಪ್ಪಿಗೆ ಪಡೆದು ಅಳೆಯಿರಿ. ಎಲೆಕ್ಟ್ರೋಡ್ ಬೇಡ, ಒಂದು ಲ್ಯಾಪ್‌ಟಾಪ್ ಸಾಕು. ಸಂದರ್ಶನದಲ್ಲಿ ಕೂತಾಗ, ಡೌನ್‌ಲೋಡ್ ಮಾಡಿದ ಪ್ರಾಜೆಕ್ಟ್‌ಗಿಂತ ನೀವೇ ಅಳೆದ ಇಪ್ಪತ್ತು ಸಂಖ್ಯೆಗಳ ಬಗ್ಗೆ ಮಾತನಾಡುವುದು ಸುಲಭ ಎಂದು ನನ್ನ ನಂಬಿಕೆ.