ಮಾತುಗಾರನ ವೃತ್ತಿ, ಮೌನಿಯ ವೃತ್ತಿ

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂದು ಒಂದು ಗಾದೆ ಸಾರುತ್ತದೆ; ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಇನ್ನೊಂದು ಎಚ್ಚರಿಸುತ್ತದೆ. ಆದರೆ ಮಕ್ಕಳ ಉದ್ಯೋಗದ ಪ್ರಶ್ನೆ ಎದ್ದಾಗ ತಾಯ್ತಂದೆಗಳಿಗೆ ನೆನಪಾಗುವುದು ಬಹುಮಟ್ಟಿಗೆ ಮೊದಲನೆಯ ಗಾದೆಯೇ. ನಂಟರು ಬಂದೊಡನೆ ಒಳಕೋಣೆಯನ್ನು ಸೇರುವ ಹುಡುಗನನ್ನು ಕಂಡು, ‘ಇವನು ನಾಲ್ಕು ಜನರ ನಡುವೆ ಹೇಗೆ ಬಾಳಿಯಾನು?’ ಎಂದು ಮನೆಯವರು ಕಳವಳಪಡುತ್ತಾರೆ. ಎಲ್ಲರೊಡನೆಯೂ ಹರಟುವ ಅವನ ತಂಗಿಗೆ, ‘ಒಂದೆಡೆ ಕುಳಿತು ಮಾಡುವ ಕೆಲಸ ನಿನಗೆ ಒಗ್ಗದು’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಹದಿನೇಳರ ಹರೆಯದಲ್ಲಿ ಕೇಳಿದ ಇಂಥ ತೀರ್ಪನ್ನು ನಂಬಿ ಬಾಳಿನ ದಾರಿಯನ್ನೇ ಬದಲಿಸಿಕೊಂಡವರು ಕಡಮೆಯಿಲ್ಲ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಭಾಗವನ್ನು ಪ್ರಸಿದ್ಧಿಗೆ ತಂದವರು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್. 1921ರಲ್ಲಿ ಪ್ರಕಟವಾದ ಅವರ ಗ್ರಂಥ ಈ ಶಬ್ದಗಳನ್ನು ಲೋಕಕ್ಕೆಲ್ಲ ಪರಿಚಯಿಸಿತು. ಜನರ ಸಹವಾಸದಿಂದ ಚೈತನ್ಯ ಪಡೆಯುವವನು ಬಹಿರ್ಮುಖಿ. ಅದೇ ಸಹವಾಸದಿಂದ ಬಳಲಿ, ಏಕಾಂತದಲ್ಲಿ ಚೇತರಿಸಿಕೊಳ್ಳುವವನು ಅಂತರ್ಮುಖಿ ಎಂದು ಸ್ಥೂಲವಾಗಿ ಹೇಳಬಹುದು. ಇದನ್ನು ಸಂಕೋಚದೊಡನೆ ಬೆರೆಸುವುದು ತಪ್ಪು. ಸಂಕೋಚವೆಂಬುದು ಜನರ ಭಯ. ಅಂತರ್ಮುಖತೆಯಾದರೋ ಕೇವಲ ಮನಸ್ಸಿನ ಒಲವು. ಸಭೆಗೆ ಅಂಜದೆ ಮಾತನಾಡಿ, ಅನಂತರ ಮನೆಗೆ ಬಂದು ಕದವಿಕ್ಕಿಕೊಳ್ಳುವವರೂ ಉಂಟು. ಮೇಲಾಗಿ, ಹೆಚ್ಚಿನವರು ಈ ಎರಡು ತುದಿಗಳ ನಡುವೆಯೇ ಎಲ್ಲೋ ನಿಲ್ಲುವವರು.

ಹೀಗಿದ್ದೂ ಮೌನಿಗೆ ಲೆಕ್ಕಪತ್ರ, ಮಾತುಗಾರನಿಗೆ ವ್ಯಾಪಾರ ಎಂದು ಉದ್ಯೋಗಗಳನ್ನು ಹಂಚುವ ಪದ್ಧತಿ ನಿಂತಿಲ್ಲ. ಈ ಹಂಚಿಕೆ ಎಷ್ಟು ಪೊಳ್ಳೆಂಬುದನ್ನು ತಿಳಿಯಬೇಕಾದರೆ ಮಡಿಕೇರಿಯ ಇಬ್ಬರು ದಂಡನಾಯಕರನ್ನು ನೆನೆದರೆ ಸಾಕು.

ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಮತ್ತು ಜನರಲ್ ಕೆ. ಎಸ್. ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. ಇಬ್ಬರೂ ಭಾರತದ ಭೂಸೇನೆಯ ಅತ್ಯುನ್ನತ ಪದವಿಯನ್ನೇರಿದವರು. ಆದರೆ ಜನರ ನೆನಪಿನಲ್ಲಿ ಉಳಿದ ಅವರ ಚಿತ್ರಗಳು ಬೇರೆ ಬೇರೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರೆಂದರೆ ಶಿಸ್ತು, ಕಾಲಪಾಲನೆ, ಉಡುಪಿನ ಅಚ್ಚುಕಟ್ಟು. 1965ರ ಯುದ್ಧದಲ್ಲಿ ವಿಮಾನದಳದಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಹಿಂದೆ ಅವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನರಿಂದ ಸಹಾನುಭೂತಿಯ ಸಂದೇಶ ಬಂದಿತು. ಕಾರ್ಯಪ್ಪನವರು ಮಗನಿಗಾಗಿ ಯಾವ ವಿಶೇಷ ಸೌಲಭ್ಯವನ್ನೂ ಬೇಡಲಿಲ್ಲ. ಸೆರೆಯಲ್ಲಿರುವ ಎಲ್ಲ ಯೋಧರನ್ನೂ ಸಮನಾಗಿ ಕಾಣಬೇಕೆಂದಷ್ಟೇ ತಿಳಿಸಿದರು. ತಂದೆಯ ಸಂಕಟ ತಂದೆಯೊಳಗೇ ಉಳಿಯಿತು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರಾದರೋ ಸಿಪಾಯಿಗಳೊಡನೆ ನಕ್ಕು ಬೆರೆಯುವ ಸೇನಾನಿಯೆಂದು ಹೆಸರಾದವರು. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದಾಗ ಮುಂಚೂಣಿಯ ಟ್ಯಾಂಕಿನಲ್ಲಿ ಅವರೇ ಇದ್ದರು.

ಒಂದೇ ವೃತ್ತಿ ಇಬ್ಬರಿಗೂ ಎಡೆಗೊಟ್ಟಿತೆಂಬುದಷ್ಟೇ ಇಲ್ಲಿನ ಪಾಠವಲ್ಲ. ಪ್ರತಿಯೊಬ್ಬರೂ ಮತ್ತೊಬ್ಬರ ಸ್ವಭಾವಕ್ಕೆ ಸೇರಿದ್ದೆನ್ನಬಹುದಾದ ಕೆಲಸವನ್ನೂ ಹೊರಬೇಕಾಯಿತು. ಬಿಗುವಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದೊಡನೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಭಾರತದ ರಾಜಪ್ರತಿನಿಧಿಯಾಗಿ ಹೋದರು. ಔತಣ, ಭೇಟಿ, ಭಾಷಣಗಳೇ ಆ ಹುದ್ದೆಯ ದಿನಚರಿ. ಅದೇ ವರ್ಷ ನಗುಮೊಗದ ತಿಮ್ಮಯ್ಯನವರು ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಅಲ್ಲಿ ಅವರ ಮುಂದಿತ್ತು. ಎರಡು ಬಣಗಳ ದೂರುಗಳನ್ನೂ ಸೈರಣೆಯಿಂದ ಆಲಿಸುವುದು, ಯಾರ ಕಡೆಗೂ ವಾಲದೆ ತೂಗಿ ನೋಡುವುದು ಆ ಕೆಲಸದ ಜೀವಾಳವಾಗಿತ್ತು.

ವೃತ್ತಿಯ ಹೆಸರಿನಿಂದ ಸ್ವಭಾವವನ್ನು ಊಹಿಸುವುದೂ ಅಷ್ಟೇ ಅಪಾಯಕರ. ಮಡಿಕೇರಿಯಲ್ಲೇ 1912ರಲ್ಲಿ ಜನಿಸಿದ ಕಥೆಗಾರ್ತಿ ಕೊಡಗಿನ ಗೌರಮ್ಮ ತೋಟದ ಮನೆಯಲ್ಲಿದ್ದುಕೊಂಡು ಬರೆದರು. ಬರಹಗಾರರೆಲ್ಲ ಏಕಾಂತಪ್ರಿಯರೆಂದು ಬಗೆಯುವವರಿಗೆ ಅವರು ಒಗಟಾಗಿಯಾರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹೂಡಿ ಅವರನ್ನು ಬರಮಾಡಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದರು. ಕೊಡವರ ಹಾಡು, ಗಾದೆ, ಕಟ್ಟುಪಾಡುಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಕೆಲಸವೂ ಇಂಥದೇ. ಅಂಥ ಸಂಗ್ರಹಕ್ಕೆ ಅನ್ಯರ ಬಾಗಿಲು ತಟ್ಟುವ ಧೈರ್ಯವೂ ಬೇಕು. ಒಳಹೊಕ್ಕ ಮೇಲೆ ಬಾಯಿ ಮುಚ್ಚಿ ಕೇಳುವ ತಾಳ್ಮೆಯೂ ಬೇಕು.

ಇಂದು ಇದೇ ಪ್ರಶ್ನೆ ಕೊಡಗಿನ ಸಾಮಾನ್ಯ ಮನೆಗಳ ಹೊಸ್ತಿಲಿಗೂ ಬಂದಿದೆ. ಮಳೆ, ಹೂವು, ಕೊಯ್ಲುಗಳ ಲೆಕ್ಕದಲ್ಲಿ, ರೈಟರು ಮತ್ತು ಮೇಸ್ತ್ರಿಗಳ ಹೊರತು ಹೆಚ್ಚು ಜನರೊಡನೆ ಮಾತಿಲ್ಲದೆ ದಿನ ಕಳೆಯುತ್ತಿದ್ದ ತೋಟದ ಯಜಮಾನ, ಕಾಫಿ ಕರಿಮೆಣಸುಗಳ ಬೆಲೆಯ ಏರಿಳಿತಕ್ಕೆ ಅಂಜಿ ಮನೆಯನ್ನು ಹೋಂಸ್ಟೇ ಮಾಡುತ್ತಾನೆ. ವಾರವಾರವೂ ಅಪರಿಚಿತರು ಬರುತ್ತಾರೆ. ಅವರೊಡನೆ ನಗುನಗುತ್ತ ಹೊತ್ತು ಕಳೆಯಲಾರದ ತಾನು ಈ ಕೆಲಸಕ್ಕೆ ಅನರ್ಹನೆಂದು ಅವನು ಕೊರಗಬೇಕಾಗಿಲ್ಲ. ಅತಿಥಿಗಳ ಉಪಚಾರದ ಮಾತು ಮನೆಯ ಬೇರೊಬ್ಬರದಾಗಲಿ. ಮುಂಜಾನೆ ನಾಲ್ವರನ್ನು ತೋಟದಲ್ಲಿ ಅಡ್ಡಾಡಿಸಿ, ಅರೇಬಿಕಾ ಗಿಡ ಯಾವುದು, ರೋಬಸ್ಟಾ ಯಾವುದು ಎಂದು ತೋರಿಸುವ ಕೆಲಸ ಅವನದಾಗಲಿ. ತನಗೆ ಚೆನ್ನಾಗಿ ಬಲ್ಲ ವಿಷಯ ಸಿಕ್ಕಿದಾಗ ಮಿತಭಾಷಿಯೂ ಸೊಗಸಾಗಿ ಮಾತನಾಡುತ್ತಾನೆ.

ಉದ್ಯೋಗ ಕೊಡುವವರೂ ಇದನ್ನು ಮರೆಯಬಾರದು. ಹತ್ತು ನಿಮಿಷದ ಸಂದರ್ಶನದಲ್ಲಿ ಬಹುಮಾನ ಸಿಗುವುದು ಬಹುವೇಳೆ ಚುರುಕು ನಾಲಗೆಗೆ. ಮೂವತ್ತು ವರ್ಷಗಳ ದುಡಿಮೆಗೆ ಬೇಕಾದುದು ಅದೊಂದೇ ಅಲ್ಲ. ಅಭ್ಯರ್ಥಿಯ ಕೈಯಲ್ಲಿ ಒಂದಿಷ್ಟು ಕೆಲಸ ಮಾಡಿಸಿ ನೋಡುವುದು ಇಬ್ಬರಿಗೂ ನ್ಯಾಯ.

ಆದುದರಿಂದ ವೃತ್ತಿಯನ್ನು ಆರಿಸುವಾಗ, ‘ಇದು ಮಾತಿನ ಕೆಲಸವೋ, ಮೌನದ ಕೆಲಸವೋ?’ ಎಂದು ಕೇಳಿದರೆ ಸಾಲದು. ಆ ಕೆಲಸದ ಒಂದು ದಿನದಲ್ಲಿ ಜನರೊಡನೆ ಕಳೆಯುವ ಹೊತ್ತೆಷ್ಟು, ಒಬ್ಬನೇ ದುಡಿಯುವ ಹೊತ್ತೆಷ್ಟು, ಬಳಲಿದ ಮನಸ್ಸು ಚೇತರಿಸಿಕೊಳ್ಳಲು ಬಿಡುವೆಷ್ಟು ಎಂದು ಕೇಳಬೇಕು. ಸೇನೆ ಸೇರುವ ಆಸೆಯುಳ್ಳ ಮೌನಿ ಹುಡುಗನನ್ನು ಅವನ ಮೌನದ ನೆಪದಿಂದ ತಡೆಯುವ ಹಿರಿಯರು ಒಂದು ಕ್ಷಣ ಯೋಚಿಸಲಿ. ಅವನು ಕಲಿಯಬೇಕಾದ ಮಾತನ್ನು ಕೆಲಸವೇ ಕಲಿಸಿಕೊಟ್ಟೀತು; ಆಸೆಯನ್ನು ಮಾತ್ರ ಯಾರೂ ಹೊರಗಿನಿಂದ ತಂದುಕೊಡಲಾರರು.