ಕಿವಿಯಿಂದ ಕೊಂಡ ಜೀಪು

ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ಕಾಫಿಗಳ ನಡುವೆ, "ಒಂದು ಹಾಡು ಹೇಳಮ್ಮ" ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬಹುಕಾಲ ಇದ್ದಿತು. ಅದು ಈಗ ಬಹುಮಟ್ಟಿಗೆ ನಿಂತುಹೋಗಿದೆ. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹಳೆಯ ಜೀಪನ್ನು ನೋಡಲು ಹೋಗುವವರು ಮಾತ್ರ ಅದನ್ನು ಹಾಡಿಸದೆ ಹಿಂದಿರುಗಕೂಡದು. ಅದೂ ಬೆಳಗಿನ ಹೊತ್ತು, ಅದಿನ್ನೂ ಮುಖ ತೊಳೆಯದಿರುವಾಗಲೇ ಹಾಡಿಸಬೇಕು. ನಾನು ಇದನ್ನು ಕಲಿತ ಪ್ರಸಂಗವನ್ನು ಈ ವಾರ ವಾಚಕರ ಮುಂದಿಡುತ್ತೇನೆ.

ನಮ್ಮ ಭಾವನವರು ಮಾಸ್ತರಿಕೆಯಿಂದ ನಿವೃತ್ತರಾಗಿ, ದರೋಜಿಯ ಕೆರೆಯ ಕೆಳಗಿರುವ ತಮ್ಮ ಹಿರಿಯರ ಭೂಮಿಗೆ ಮರಳಿದವರು. ಹೊಲದ ದಾರಿ ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಕೆಸರು. ಸುತ್ತಣ ಬಂಡೆಗುಡ್ಡಗಳನ್ನು ಸರಕಾರ 1994ರಲ್ಲಿ ಕರಡಿಧಾಮವೆಂದು ಸಾರಿತು. ಆದರೆ ಧಾಮದ ಎಲ್ಲೆ ಎಲ್ಲಿ ಮುಗಿಯುತ್ತದೆಂಬುದನ್ನು ಕರಡಿಗಳಿಗೆ ಯಾರೂ ತಿಳಿಸಿದಂತಿಲ್ಲ. ಸಂಜೆಯ ಹೊತ್ತಿನಲ್ಲಿ ಅಂಥ ದಾರಿಯ ನಡುವೆ ಗಾಡಿ ಕೆಟ್ಟು ನಿಂತರೆ ಅದು ವಿನೋದದ ಸಂಗತಿಯಲ್ಲ. ಭಾವನವರಿಗೆ ಜೀಪೇ ಬೇಕೆನ್ನಿಸಿತು. ಹೊಸದಕ್ಕೆ ಶಕ್ತಿಯಿಲ್ಲ, ನಿವೃತ್ತಿಯಲ್ಲಿ ಬಂದ ಹಣದಲ್ಲಿ ಅರ್ಧ ಮಗಳ ಮದುವೆಗೆಂದು ಎತ್ತಿಟ್ಟದ್ದು.

ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲನೆ ಹೇಳಿದಳು: "ನೋಡಪ್ಪ, ನಿಮ್ಮ ಭಾವನವರಿಗೆ ಈಗ ಕಿವಿ ಅಷ್ಟಕ್ಕಷ್ಟೆ. ಮಾರುವವನು ಹೇಳಿದ್ದಕ್ಕೆಲ್ಲ ಹೂಂ ಎಂದುಬಿಡುತ್ತಾರೆ. ನೀನು ಜೊತೆಗೆ ಹೋಗಿ ಕೇಳಿಕೊಂಡು ಬಾ."

ನನ್ನ ಕಿವಿಯ ವಿಷಯದಲ್ಲಿ ನನಗೆ ಸ್ವಲ್ಪ ಅಭಿಮಾನವಿತ್ತೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆ ಹಳೆಯ ಜೀಪಿಗೆ ಬರವಿಲ್ಲ. ಅಮೆರಿಕದ ವಿಲ್ಲಿಸ್ ಕಂಪನಿ ಎರಡನೆಯ ಮಹಾಯುದ್ಧಕ್ಕಾಗಿ 1941ರಲ್ಲಿ ತಯಾರಿಸತೊಡಗಿದ ಈ ಗಾಡಿಯನ್ನು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಸಂಸ್ಥೆಯವರು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಮೊದಲು ಪೆಟ್ರೋಲಿನವು ಬಂದವು, ಆಮೇಲೆ ಡೀಸೆಲಿನವು. 1980ರ ದಶಕದಲ್ಲಿ ಬಂದ ಎಂ.ಎಂ. 540ರಲ್ಲಿ ಪ್ಯೂಜೋ ಮಾದರಿಯ 2112 ಸಿ.ಸಿ. ಡೀಸೆಲ್ ಎಂಜಿನ್ ಇತ್ತು. ಸಂಡೂರಿನ ಅದಿರಿನ ಬೆಟ್ಟಗಳನ್ನು ಹತ್ತಲು ಇದಕ್ಕಿಂತ ಒಗ್ಗುವ ವಾಹನ ಬೇರೆ ಇರಲಿಲ್ಲ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆದಾಗ ಎಷ್ಟೋ ಗಾಡಿಗಳು ಕೆಲಸವಿಲ್ಲದೆ ನಿಂತವು. ನಿಂತ ಗಾಡಿ ಕೈಯಿಂದ ಕೈಗೆ ದಾಟುತ್ತದೆ. ದಾಟುವಾಗಲೆಲ್ಲ ಒಂದು ಕೋಟು ಬಣ್ಣ ಏರುತ್ತದೆ.

ನಾವು ಮೊದಲು ನೋಡಿದ್ದು ಅಂಥ ಬಣ್ಣದ ಬೊಂಬೆಯನ್ನೇ. ಕಡುಹಸಿರು ಮೈ, ಹೊಸ ಸೀಟು, ಮುಂದೆ ನಾಲ್ಕು ದೀಪ. ಸಂಜೆ ಐದಕ್ಕೆ ಬರುತ್ತೇವೆಂದು ದಲ್ಲಾಳಿಗೆ ಹೇಳಿದ್ದೆವು. ಹೋದೊಡನೆ ಆತ ಕೀಲಿ ತಿರುಗಿಸಿದ. ಎಂಜಿನ್ ಅರೆಕ್ಷಣದಲ್ಲಿ ಎದ್ದು ಹಿತವಾಗಿ ಗುರುಗುಟ್ಟಿತು. ಭಾವನವರ ಮುಖ ಅರಳಿತು. ನಮ್ಮೊಡನೆ ಬಂದಿದ್ದ ವೃದ್ಧ ಮೇಸ್ತ್ರಿಗಳು ಮಾತ್ರ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತೆಗೆದು, "ಜ್ವರ ಬಂದೈತಲ್ರೀ! ನಾವು ಬರೋಕಿಂತ ಮುಂಚೆಯೇ ಯಾರೋ ಇದನ್ನ ಎಬ್ಬಿಸ್ಯಾರ" ಎಂದರು.

ಬಿಸಿಯಾದ ಎಂಜಿನ್ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಸಡಿಲವಾಗಿದ್ದರೆ ಅದು ತಣ್ಣಗಿರುವಾಗ ಗೋಡೆಗೆ ಬಡಿದು ಟೊಳ್ಳು ಸದ್ದು ಮಾಡುತ್ತದೆ. ಕಾವೇರಿ ಲೋಹ ಹಿಗ್ಗಿದ ಮೇಲೆ ಆ ಸದ್ದು ಅಡಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಕುಗ್ಗಿದ್ದರೆ ಬೆಳಗಿನ ತಂಪಿನಲ್ಲಿ ಅದು ಬೇಗ ಏಳುವುದೇ ಇಲ್ಲ. ಮೊದಲೇ ಕಾಯಿಸಿಟ್ಟರೆ ಆ ಗುಟ್ಟೂ ಮುಚ್ಚುತ್ತದೆ. ಆದ್ದರಿಂದ ನಾವು ಆ ಸಂಜೆ ಏನನ್ನೂ ಹೇಳದೆ, ಮರುದಿನ ಬೆಳಿಗ್ಗೆ ಆರೂವರೆಗೆ ಮತ್ತೆ ಹೋದೆವು. ಬಾನೆಟ್ಟಿನ ಮೇಲೆ ಇಬ್ಬನಿಯಿತ್ತು. ದಲ್ಲಾಳಿಯ ಮುಖದ ಮೇಲೂ ಏನೋ ಇತ್ತು.

ಹಲವು ಸಲ ಒದ್ದಾಡಿ ಎಂಜಿನ್ ಎದ್ದಿತು. ಟಿಕ್ ಟಿಕ್ ಎಂಬ ಚುರುಕು ಸದ್ದು ನನ್ನ ಕಿವಿಗೆ ಬಿತ್ತು. "ಸಿಕ್ಕಿತು!" ಎಂದೆ. ಮೇಸ್ತ್ರಿಗಳು ನಕ್ಕರು. ಅದು ಕವಾಟಗಳ ಟ್ಯಾಪೆಟ್ಟಿನ ಸದ್ದು. ಕವಾಟಗಳನ್ನು ನಡೆಸುವ ಕ್ಯಾಮ್ ದಂಡ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಎಂಜಿನ್ ಎರಡು ಸುತ್ತು ಬರುವಲ್ಲಿ ಒಂದು ಕವಾಟ ಒಮ್ಮೆ ಮಾತ್ರ ಟಿಕ್ ಎನ್ನುತ್ತದೆ. ಸದ್ದು ಹಗುರ, ಬರುವುದು ಮೇಲಿನಿಂದ. ಸಾಮಾನ್ಯವಾಗಿ ಸಂದನ್ನು ಸರಿಪಡಿಸಿದರೆ ಮುಗಿಯಿತು, ಖರ್ಚು ಅಲ್ಪ. ಹೊಗೆಕೊಳವೆಯ ಸಂದಿಯಲ್ಲಿ ಗಾಳಿ ಸೋರಿದರೂ ಹೀಗೆಯೇ ಟಿಕ್ಕೆನ್ನುವುದುಂಟು. ಭಯಪಡಬೇಕಾದದ್ದು ಕೆಳಗಿನಿಂದ ಬರುವ, ದಪ್ಪನೆಯ, ಮರದ ಕೊರಡಿನ ಮೇಲೆ ಸುತ್ತಿಗೆ ಬಿದ್ದಂಥ ಸದ್ದಿಗೆ. ಅದು ಕ್ರ್ಯಾಂಕಿಗೂ ಪಿಸ್ಟನ್ ಹಿಡಿದ ರಾಡಿಗೂ ನಡುವಿನ ಬೇರಿಂಗಿನದು. ಅದು ಸವೆದರೆ ಎಂಜಿನ್ನನ್ನು ಪೂರ್ತಿ ಬಿಚ್ಚಬೇಕು. ಬಿಚ್ಚದೆ ಓಡಿಸುತ್ತ ಹೋದರೆ ಒಂದು ದಿನ ಆ ರಾಡು ಮುರಿದು ಎಂಜಿನ್ನಿನ ಪಕ್ಕೆಯನ್ನೇ ಸೀಳಿ ಹೊರಬರಬಹುದು.

ಈ ಸದ್ದು ಪಿಸ್ಟನ್ನಿನ ಸದ್ದಿಗೆ ನೇರ ವಿರುದ್ಧ. ತಣ್ಣಗಿರುವಾಗ ಎಣ್ಣೆ ಮಂದವಾಗಿದ್ದು ಬೇರಿಂಗಿನ ಸಂದನ್ನು ತುಂಬುತ್ತದೆ. ಕಾದು ನೀರಾದ ಮೇಲೆ ಸದ್ದು ಎದ್ದು ಬರುತ್ತದೆ. ಮಾರುವವರಲ್ಲಿ ಜಾಣರಾದವರು ಬೇಕೆಂದೇ ದಪ್ಪ ಎಣ್ಣೆ ಸುರಿದು ಅದನ್ನು ಕೆಲಕಾಲ ಮಲಗಿಸುತ್ತಾರೆ. ಗೇರ್‌ಬಾಕ್ಸಿನ ಕೂಗನ್ನು ಅಡಗಿಸಲು ಮರದ ಹೊಟ್ಟು ತುಂಬುವ ಹಳೆಯ ವಿದ್ಯೆಯೂ ಒಂದುಂಟು. ಹೀಗಾಗಿ ಗಾಡಿಯನ್ನು ತಣ್ಣಗಿರುವಾಗಲೂ ಕೇಳಬೇಕು, ಅರ್ಧ ಗಂಟೆ ದುಡಿಸಿ ಕಾಯಿಸಿದ ಮೇಲೂ ಕೇಳಬೇಕು.

ಸಂಡೂರಿನ ದಾರಿ ಹಿಡಿದೆವು. ಏರಿನಲ್ಲಿ ನಾನು ಕಣ್ಣು ಮುಚ್ಚಿ ಸಂಗೀತ ಕಚೇರಿಯಲ್ಲಿ ಕುಳಿತವನಂತೆ ಕುಳಿತಿದ್ದೆ. ನನಗೆ ಕೇಳಿಸಿದ್ದು ಟ್ಯಾಪೆಟ್ಟು, ಗೇರಿನ ಗುಂಯ್‌ಗಾರ, ಗಾಳಿಗೆ ಪಟಪಟಿಸುವ ಮೇಲ್ಹೊದಿಕೆ, ಇಷ್ಟೇ. ಮುಂದೆ ಕುಳಿತಿದ್ದ ಭಾವನವರು ಇದ್ದಕ್ಕಿದ್ದಂತೆ ಚಪ್ಪಲಿ ಕಳಚಿ ಬರಿಯ ಪಾದವನ್ನು ತಗಡಿನ ಮೇಲೂರಿ, "ಏನೋ ಗುದ್ದುತ್ತಾ ಇದೆ" ಎಂದರು.

"ನನಗೇನೂ ಕೇಳಿಸಲಿಲ್ಲ, ಭಾವ."

"ನನಗೂ ಕೇಳಿಸಲಿಲ್ಲ ಮಾರಾಯ. ಕಾಲಿಗೆ ತಿಳೀತು."

ಮೇಸ್ತ್ರಿಗಳು ಗಾಡಿ ನಿಲ್ಲಿಸಿದರು. ಎಂಜಿನ್ ಓಡುತ್ತಿರುವಂತೆಯೇ ಎಣ್ಣೆಯ ಒತ್ತಡದ ಮುಳ್ಳನ್ನು ತೋರಿಸಿದರು. ಬೆಳಿಗ್ಗೆ ನಿಗುರಿ ನಿಂತಿದ್ದದ್ದು ಈಗ ತಲೆ ತಗ್ಗಿಸಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಪಕ್ಕೆಗೂ ಹಿಡಿಯನ್ನು ತಮ್ಮ ಕಿವಿಗೂ ಇಟ್ಟು, ವೈದ್ಯರಂತೆ ಆಲಿಸಿದರು. ಆಮೇಲೆ ಒಂದೊಂದೇ ಸಿಲಿಂಡರಿಗೆ ಡೀಸೆಲ್ ಒಯ್ಯುವ ಕೊಳವೆಯ ನಟ್ಟನ್ನು ಬಟ್ಟೆಯ ಮರೆಯಲ್ಲಿ ಸಡಿಲಿಸುತ್ತ ಬಂದರು. ಮೂರನೆಯದನ್ನು ಸಡಿಲಿಸಿದಾಗ ಗುದ್ದು ಮೆತ್ತಗಾಯಿತು; ಬಿಗಿದಾಗ ಮರಳಿತು. ಇಂಧನ ತಪ್ಪಿದಾಗ ಆ ರಾಡಿನ ಮೇಲಿನ ಭಾರ ತಪ್ಪುತ್ತದೆ, ಭಾರ ತಪ್ಪಿದರೆ ಸದ್ದೂ ಇಳಿಯುತ್ತದೆ. ರೋಗ ಇರುವ ಮನೆ ಯಾವುದೆಂದು ಹೀಗೆ ಗೊತ್ತಾಯಿತು. (ವಾಚಕರು ಇದನ್ನು ತಾವೇ ಮಾಡಹೋಗಬಾರದು. ಆ ಕೊಳವೆಯ ಡೀಸೆಲ್ ಚರ್ಮವನ್ನು ತೂರಿ ಒಳಹೋಗುವಷ್ಟು ರಭಸದಿಂದ ಚಿಮ್ಮಬಲ್ಲದು. ಎದುರಿಗೆ ತಿರುಗುವ ಫ್ಯಾನು ಬೇರೆ.)

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ಮಂದ್ರವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ನನ್ನನ್ನು ಮರುಳುಮಾಡಿದ ಟಿಕ್ ಟಿಕ್ ಭಾವನವರ ಪಾಲಿಗೆ ಇರಲೇ ಇಲ್ಲವಾದ್ದರಿಂದ ಅವರು ಅದಕ್ಕೆ ಮೋಸಹೋಗಲಿಲ್ಲ. ಈಚೆಗೆ ಕೆಲವರು ಎಂಜಿನ್ನಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ದೂರದ ಮೇಸ್ತ್ರಿಗೆ ಕಳುಹಿಸಿ ಅಭಿಪ್ರಾಯ ಕೇಳುವುದುಂಟು. ಆ ಸಣ್ಣ ಯಂತ್ರದ ಕಿವಿಯೂ ನನ್ನ ಕಿವಿಯ ಜಾತಿಯದೇ: ಟಿಕ್ ಟಿಕ್ಕನ್ನು ಚೆನ್ನಾಗಿ ಹಿಡಿಯುತ್ತದೆ, ಕೆಳಗಿನ ಗುದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ.

ಹಸಿರು ಜೀಪನ್ನು ಅಲ್ಲಿಗೆ ಬಿಟ್ಟೆವು. ಹತ್ತು ದಿನಗಳ ಮೇಲೆ ಕಂಪ್ಲಿಯ ಕಡೆಯ ರೈತರೊಬ್ಬರ ಹಟ್ಟಿಯಲ್ಲಿ ಇನ್ನೊಂದನ್ನು ನೋಡಿದೆವು. ಬಣ್ಣ ಸುಲಿದಿತ್ತು, ಸದ್ದು ಮಾಡದ ಅಂಗವೇ ಅದರಲ್ಲಿರಲಿಲ್ಲ. ಮೇಸ್ತ್ರಿಗಳು ಮೊದಲು ಬಿಚ್ಚಿದ್ದು ಗಾಳಿ ಸೋಸುವ ಬಟ್ಟಲನ್ನು. ಈ ಜೀಪುಗಳಲ್ಲಿ ಗಾಳಿ ಎಣ್ಣೆಯ ಬಟ್ಟಲಿನ ಮೇಲೆ ಹಾದು ಧೂಳನ್ನು ಅಲ್ಲಿ ಬಿಟ್ಟು ಒಳಹೋಗುತ್ತದೆ. ಬಟ್ಟಲಲ್ಲಿ ಕೆಂಪು ರಾಡಿ ಗಟ್ಟಿಯಾಗಿದ್ದರೆ ಅದಿರಿನ ಧೂಳು ಎಂಜಿನ್ನನ್ನು ಒಳಗಿನಿಂದ ಉಜ್ಜಿದೆ ಎಂದೇ ತಿಳಿಯಬೇಕು. ಇದರಲ್ಲಿ ಎಣ್ಣೆ ತಿಳಿಯಾಗಿತ್ತು.

ದರೋಜಿಯೆಂದರೆ ಬುರ್ರಕಥೆಯ ಈರಮ್ಮನವರ ಊರು. 2014ರಲ್ಲಿ ತೀರಿಕೊಂಡ ಆ ಕಲಾವಿದೆಯ ಕಥೆಯನ್ನು ಆ ಕಡೆಯ ಹಿರಿಯರು ಕೇಳುತ್ತಿದ್ದಾಗ ಮಾತು, ತಂಬೂರಿ, ತಾಳ ಒಟ್ಟಿಗೆ ಬಂದರೂ ಕಿವಿ ಅವನ್ನು ಬೇರೆ ಬೇರೆಯಾಗಿ ಹಿಡಿಯುತ್ತಿತ್ತು. ಜೀಪಿನ ಗದ್ದಲದಲ್ಲಿಯೂ ಮಾಡಬೇಕಾದದ್ದು ಅದನ್ನೇ: ಯಾವ ಸದ್ದು ಯಾವುದರ ಹಿಂದೆ ನಡೆಯುತ್ತದೆಂದು ನೋಡುವುದು. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಸಮತಟ್ಟಾದ ಬರಿದಾರಿಯಲ್ಲಿ ಐವತ್ತು ಕಿಲೊಮೀಟರು ವೇಗದಲ್ಲಿ ಹೋಗುವಾಗ ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ನನ್ನು ಆರಿಸದೆ, ಗಾಡಿಯನ್ನು ತಾನಾಗಿ ಉರುಳಲು ಬಿಡಬೇಕು. ಎಂಜಿನ್ನಿನೊಡನೆ ಇಳಿದ ಸದ್ದು ಎಂಜಿನ್ನಿನ ಕಡೆಯದು. ಉಳಿದ ಸದ್ದು ಗಾಲಿ, ಅಚ್ಚು, ಶಾಫ್ಟುಗಳದು.

ಉಳಿದದ್ದನ್ನು ಬಿಡಿಸುವುದು ಕಷ್ಟವಲ್ಲ. ಡಾಂಬರಿನಿಂದ ಮಣ್ಣಿನ ದಾರಿಗೆ ಇಳಿದೊಡನೆ ಬದಲಾದರೆ ಅದು ಟೈರಿನ ಮೊರೆತ. ಗಾಡಿಯನ್ನು ಎಡಬಲಕ್ಕೆ ಮೆಲ್ಲನೆ ತೂಗಿದಾಗ ಏರಿ ಇಳಿದರೆ ಗಾಲಿಯ ಬೇರಿಂಗು. ಹೊರಡುವಾಗ, ಹಿಂದೆ ಸರಿಯುವಾಗ ಟಣ್ ಎಂದರೆ, ಅಥವಾ ನಿಧಾನವಾಗಿ ಹೋಗುವಾಗ ಗುಬ್ಬಿಯಂತೆ ಚಿಲಿಗುಟ್ಟಿದರೆ, ಶಾಫ್ಟಿನ ಕ್ರಾಸು ಒಣಗಿದೆ ಇಲ್ಲವೆ ಸವೆದಿದೆ. ಕ್ಲಚ್ಚು ತುಳಿದಾಗ ಹುಟ್ಟುವ ಸದ್ದು ಕ್ಲಚ್ಚಿನ ಬೇರಿಂಗಿನದು. ತುಳಿದಾಗ ಅಡಗುವ ಸದ್ದು ಗೇರ್‌ಬಾಕ್ಸಿನದು. ನಾಲ್ಕು ಗಾಲಿಗಳಿಗೂ ಶಕ್ತಿ ಹಂಚುವ ಪೆಟ್ಟಿಗೆಯ ಗುಂಯ್‌ಗಾರ ಮಾತ್ರ ಹಳೆಯ ಜೀಪಿನ ಜನ್ಮಸಿದ್ಧ ಹಕ್ಕು. ಅದಕ್ಕೆ ಹೆದರಿ ಓಡಬೇಕಾದದ್ದಿಲ್ಲ. ಹೆದರಬೇಕಾದದ್ದು ಗುಂಡಿಗೆ ಬಿದ್ದೊಡನೆ ಮುಂದಿನ ಗಾಲಿಗಳು ಥರಥರ ನಡುಗಿ ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುವ ಗಾಡಿಗೆ. ಜಾಕಿಯ ಮೇಲೆತ್ತಿ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಕಿಂಗ್‌ಪಿನ್ನಿನ ಸವೆತ ಕೈಗೆ ಸಿಗುತ್ತದೆ. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ, ಇದು ಕೆಟ್ಟರೆ ಜೀವ. ಕಂಪ್ಲಿಯ ಜೀಪಿನಲ್ಲಿ ಇದು ಸವೆದಿತ್ತು. ಅದಕ್ಕೆ ತಗಲುವ ವೆಚ್ಚವನ್ನು ಮುರಿದುಕೊಂಡೇ ಮಾತು ಮುಗಿಸಿದೆವು.

ಒಂದು ಸದ್ದನ್ನು ಮಾತ್ರ ನಾವು ಮೂವರೂ ತಪ್ಪಾಗಿ ಓದಿದೆವು. ಹಿಂದಿನಿಂದ ಸಣ್ಣಗೆ ಒಂದು ರಾಗ ಬರುತ್ತಿತ್ತು. ಎಕ್ಸಿಲರೇಟರು ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಹಾಗೆ ಸ್ವರ ಬದಲಾಯಿಸುವುದು ಹಿಂದಿನ ಅಚ್ಚಿನ ಕ್ರೌನು ಪಿನಿಯನ್ನುಗಳ ಲಕ್ಷಣವೆಂಬುದು ಮೇಸ್ತ್ರಿಗಳಿಗೆ ತಿಳಿಯದ್ದಲ್ಲ. ಆದರೂ, "ಅದು ಪೆಟ್ಟಿಗೆಯ ಗುಂಯ್‌ಗಾರವೇ ಇರಬೇಕು" ಎಂದರು, ನಾನು ತಲೆಯಾಡಿಸಿದೆ. ಕೊಳ್ಳಬೇಕೆಂದು ಮನಸ್ಸು ಮಾಡಿದವನ ಕಿವಿ ಮಾರುವವನ ಪಕ್ಷ ಸೇರಿಬಿಡುತ್ತದೆ. ಐದನೆಯ ತಿಂಗಳಲ್ಲಿ ಹಿಂದಿನ ಅಚ್ಚನ್ನು ಬಿಚ್ಚಿಸಬೇಕಾಯಿತು. ಮೇಸ್ತ್ರಿಗಳು ಸಂಕೋಚದಿಂದ ತಮ್ಮ ಕೂಲಿಯನ್ನು ತೆಗೆದುಕೊಳ್ಳಲಿಲ್ಲ. ಸಾಮಾನಿನ ಬೆಲೆ ನಾವು ತೆತ್ತೆವು. ಮದುವೆಯ ಹಣಕ್ಕೆ ಕೈ ಹೋಗಲಿಲ್ಲವೆಂಬುದೊಂದೇ ಸಮಾಧಾನ.

ಕಾಗದಪತ್ರದ ವಿಷಯ ಬರೆಯದಿದ್ದರೆ ಅಕ್ಕ ನನ್ನನ್ನು ಬಿಡುವುದಿಲ್ಲ. ಈ ಗಾಡಿಗಳಲ್ಲಿ ಎಷ್ಟೋ ಪೆಟ್ರೋಲಿನವಾಗಿ ಹುಟ್ಟಿ ಡೀಸೆಲಿನವಾಗಿ ಬಾಳುತ್ತಿವೆ. ಎಂಜಿನ್ನಿನ ಮೇಲೆ, ಚೌಕಟ್ಟಿನ ಮೇಲೆ ಕೆತ್ತಿದ ಸಂಖ್ಯೆಗಳು ನೋಂದಣಿ ಪುಸ್ತಕದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಎಂಜಿನ್ ಬದಲಾಗಿದ್ದರೆ ಅದಕ್ಕೆ ಕಚೇರಿಯ ಒಪ್ಪಿಗೆ ದಾಖಲಾಗಿರಬೇಕು. ಹದಿನೈದು ವರ್ಷ ಮೀರಿದ ಸ್ವಂತದ ಗಾಡಿಯ ನೋಂದಣಿ ತಪಾಸಣೆಯ ಮೇಲೆ ನವೀಕರಣವಾಗಬೇಕು. ಆ ಅವಧಿ ಎಂದಿಗೆ ಮುಗಿಯುತ್ತದೆಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳತಕ್ಕದ್ದು.

ಜೀಪು ಈಗ ಚೆನ್ನಾಗಿ ನಡೆಯುತ್ತಿದೆ. ಮುಂದಿನ ಕಮಾನುಪಟ್ಟಿಯ ಬುಷ್ಷೊಂದು ಮಾತ್ರ ಕೀಚ್ ಕೀಚೆನ್ನುತ್ತದೆ. ಭಾವನವರಿಗೆ ಅದು ಕೇಳಿಸುವುದಿಲ್ಲ. ಕೆರೆಯ ಏರಿಯ ಮೇಲೆ ಅದು ಕೇಳಿಸಿದೊಡನೆ ಅಕ್ಕ ಎದ್ದು ಒಲೆಯ ಮೇಲೆ ಸಾರು ಬಿಸಿಗಿಡುತ್ತಾಳೆ. ಕಳೆದ ಸಲ ಹೋದಾಗ, "ಹೊಸ ಬುಷ್ಷು ಹಾಕಿಸಿಬಿಡೋಣವೇ?" ಎಂದು ಕೇಳಿದೆ. "ಅದೊಂದು ಇರಲಿ ಬಿಡಪ್ಪ" ಎಂದಳು.