ಪೆಡಲಿನ ಮುನಿಸು

ಕುಷ್ಟಗಿಯ ಮಿತ್ರರೊಬ್ಬರು ಮಗಳಿಗಾಗಿ ಡಿಜಿಟಲ್ ಪಿಯಾನೊ ಕೊಂಡಿದ್ದಾರೆ. ಪೆಡಲನ್ನು ತುಳಿದರೆ ಸ್ವರ ಕಡಿದುಹೋಗುತ್ತದೆ, ಕಾಲು ತೆಗೆದರೆ ಮೊಳಗುತ್ತಲೇ ಇರುತ್ತದೆ. ಒಮ್ಮೊಮ್ಮೆ ಎರಡೂ ಇಲ್ಲ. ಹೊಸ ವಾದ್ಯವನ್ನೇ ಕೊಳ್ಳಬೇಕೆ ಎಂಬುದು ಅವರ ಚಿಂತೆ.

ಕಂಪನಿ ನಾಟಕಗಳ ಕಾಲು ಹಾರ್ಮೋನಿಯಮ್ಮನ್ನು ಕಂಡವರಿಗೆ ಈ ಚಿಂತೆ ಸಹಜವೇ. ಅಲ್ಲಿ ಪಾದವೇ ಗಾಳಿಯೂಡುತ್ತಿತ್ತು. ತಿದಿ ಹರಿದರೆ ಸ್ವರವೇ ಸೊರಗುತ್ತಿತ್ತು. ಇಲ್ಲಿ ಸ್ವರಕ್ಕೂ ಪೆಡಲಿಗೂ ಅಂಥ ರಕ್ತಸಂಬಂಧವಿಲ್ಲ. ಸಾಮಾನ್ಯ ಪೆಡಲೆಂದರೆ ಬರಿಯ ಸ್ವಿಚ್ಚು. ಕೆಲವು ಪೆಡಲುಗಳಲ್ಲಿ ತುಳಿದಾಗ ವಿದ್ಯುತ್ತಿನ ಹಾದಿ ಕೂಡುತ್ತದೆ, ಕೆಲವುಗಳಲ್ಲಿ ಕಡಿಯುತ್ತದೆ. ಅನೇಕ ವಾದ್ಯಗಳು ಚಾಲೂ ಆಗುವ ಕ್ಷಣದಲ್ಲಿ ಪೆಡಲು ಹೇಗಿತ್ತೋ ಅದನ್ನೇ ಅದರ ವಿಶ್ರಾಂತಿಯೆಂದು ಬಗೆಯುತ್ತವೆ. ಮಕ್ಕಳ ಪಾದವೋ, ಆ ಹೊತ್ತಿಗಾಗಲೇ ಅದರ ಮೇಲಿರುತ್ತದೆ! ವಾದ್ಯವನ್ನು ಆರಿಸಿ, ಪೆಡಲನ್ನು ಜೋಡಿಸಿ, ಕಾಲನ್ನು ದೂರವಿಟ್ಟು ಮತ್ತೆ ಚಾಲೂ ಮಾಡಿದರೆ ಈ ತಲೆಕೆಳಗಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಬಿಟ್ಟುಬಿಟ್ಟು ಕೆಲಸಮಾಡುವ ಪೆಡಲಿನ ಕಥೆ ಬೇರೆ. 6.35 ಮಿಲಿಮೀಟರಿನ ಪ್ಲಗ್ಗು ಪೂರ್ತಿ ಕುಳಿತಿದೆಯೇ ನೋಡಬೇಕು. ತಂತಿಯನ್ನು ಮೆಲ್ಲಗೆ ಬಾಗಿಸುತ್ತ ನುಡಿಸಿದಾಗ ಸ್ವರ ಎಲ್ಲಿ ತಡವರಿಸುವುದೋ ಅಲ್ಲಿ ಒಳಗಿನ ಎಳೆ ತುಂಡಾಗಿರಬಹುದು. ಅದೂ ಅಲ್ಲವಾದರೆ ದೂಳು. ಯಲಬುರ್ಗಾದ ಎರೆಸೀಮೆಯವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಪ್ಲಗ್ಗನ್ನು ಕಳಚಿ, ಪೆಡಲಿನ ತಳದ ತಿರುಪು ಬಿಚ್ಚಿ, ಒಳಗಿನ ತಗಡುಗಳನ್ನು ಒಣ ಕುಂಚದಿಂದ ಒರೆಸಿದರಾಯಿತು. ಹೊಲಿಗೆಯಂತ್ರದ ಎಣ್ಣೆಯನ್ನು ಮಾತ್ರ ಹಾಕಕೂಡದು.

ಕಡೆಗೊಂದು ಪರೀಕ್ಷೆ. ಪೆಡಲನ್ನು ಪೂರ್ತಿ ಬೇರ್ಪಡಿಸಿ ಪಿಯಾನೊ ಸ್ವರವನ್ನೇ ಆರಿಸಿಕೊಂಡು ನುಡಿಸಿ. ಆಗಲೂ ಮೊಳಗು ನಿಲ್ಲದಿದ್ದರೆ, ಅನಂತರ ಹುಬ್ಬಳ್ಳಿಯ ಬಸ್ಸು ಹತ್ತಬಹುದು.